ಕಥೆ ಮುಗಿಯದವರ ಸಾಕ್ಷಿ

ನಮ್ಮ ಗೃಹಪ್ರಾರ್ಥನೆಗಳಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಒಂದು ಗೊತ್ತಾದ ನಡಿಗೆ ಇರುತ್ತದೆ. ಕಾಯಿಲೆ ಬಂದಿತ್ತು, ವೈದ್ಯರು ಕೈಚೆಲ್ಲಿದ್ದರು, ಪ್ರಾರ್ಥಿಸಿದೆವು, ಕರ್ತನು ಗುಣಪಡಿಸಿದನು. ಕೆಲಸ ಹೋಗಿತ್ತು, ಉಪವಾಸವಿದ್ದೆವು, ಮೊದಲಿನದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತು. ನೆರೆದವರು ಸ್ತೋತ್ರ ಎನ್ನುತ್ತಾರೆ, ಹೇಳಿದವರು ಕೂರುತ್ತಾರೆ, ಮುಂದಿನವರು ಏಳುತ್ತಾರೆ. ಇವುಗಳಲ್ಲಿ ಸುಳ್ಳಿದೆ ಎಂದು ನಾನು ಹೇಳುವುದಿಲ್ಲ. ಎಷ್ಟೋ ಸಾಕ್ಷಿಗಳ ಹಿಂದಿನ ಕಣ್ಣೀರನ್ನು ಹತ್ತಿರದಿಂದ ಬಲ್ಲೆ. ಆದರೆ ಹೇಳಲು ಅವಕಾಶ ಸಿಗುವ ಕಥೆಗಳೆಲ್ಲವೂ ಮುಗಿದ ಕಥೆಗಳೇ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಕೇಳಿದ್ದು ಇನ್ನೂ ಸಿಗದವರು, ಸಿಗುತ್ತದೋ ಇಲ್ಲವೋ ತಿಳಿಯದವರು, ಕೇಳುವುದರಲ್ಲಿ ಅರ್ಥವಿದೆಯೇ ಎಂದು ಅನುಮಾನಿಸುತ್ತಲೇ ಕೇಳುತ್ತಿರುವವರು ಆ ಹೊತ್ತಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ.

ಒಮ್ಮೆ ಮಾತ್ರ ಒಬ್ಬ ತಾಯಿ ಎದ್ದು ನಿಂತದ್ದನ್ನು ಕಂಡಿದ್ದೇನೆ. ಮಗನ ಕುಡಿತದಿಂದ ಆ ಮನೆ ನುಗ್ಗಾಗಿತ್ತು. "ಮಗನಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ ಅಯ್ಯನವರೇ, ಏನೂ ಬದಲಾಗಿಲ್ಲ. ದೇವರು ಕೇಳಿಸ್ಕೊಳ್ತಾನೋ ಇಲ್ವೋ ಅಂತ ರಾತ್ರಿಯೆಲ್ಲಾ ಅನ್ಸುತ್ತೆ. ಆದ್ರೂ ಬಂದಿದೀನಿ" ಎಂದಷ್ಟೇ ಹೇಳಿ ಕೂತರು. ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಸ್ತೋತ್ರ ಎನ್ನುವಂತಿರಲಿಲ್ಲ, ಸುಮ್ಮನಿರುವುದೂ ಕಷ್ಟವಾಗಿತ್ತು. ಹಿಂದಿನಿಂದ ಯಾರೋ ಅವಸರವಾಗಿ ಒಂದು ಹಾಡು ಎತ್ತಿಕೊಂಡರು. ಆ ಸಂಜೆ ಕೇಳಿದ ಸಾಕ್ಷಿಗಳಲ್ಲೆಲ್ಲ ಅದೇ ಗಟ್ಟಿಯಾದದ್ದು ಎಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ಬಿಡುಗಡೆ ಸಿಕ್ಕ ಮೇಲೆ ಹೇಳುವುದು ಕೃತಜ್ಞತೆ. ಭರವಸೆ ಎಂಬುದಕ್ಕೆ ಕೆಲಸವಿರುವುದು ಅದಕ್ಕೂ ಮೊದಲು, ಏನೂ ತೀರ್ಮಾನವಾಗದ ದಿನಗಳಲ್ಲಿ.

ಸತ್ಯವೇದಕ್ಕೆ, ಅಂದರೆ ಬೈಬಲಿಗೆ, ಈ ವಿಷಯದಲ್ಲಿ ನಮಗಿರುವಷ್ಟು ಸಂಕೋಚವಿಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಗೋಳಿನ ಹಾಡುಗಳೇ ಮೂರರಲ್ಲೊಂದು ಪಾಲಿನಷ್ಟಿವೆ. ಅವುಗಳಲ್ಲಿ ಹೆಚ್ಚಿನವು ದುಃಖದಿಂದ ಆರಂಭವಾಗಿ ಎಲ್ಲೋ ಒಂದೆಡೆ ತಿರುಗಿ, ಸ್ತುತಿಯಲ್ಲಿ ನಿಲ್ಲುತ್ತವೆ. 88ನೆಯ ಕೀರ್ತನೆ ಮಾತ್ರ ತಿರುಗುವುದೇ ಇಲ್ಲ. ಎಜ್ರಾಹ್ಯನಾದ ಹೇಮಾನನ ಹೆಸರಿನಲ್ಲಿರುವ ಈ ಹಾಡಿನ ಮನುಷ್ಯ ಹಗಲಿರುಳು ಮೊರೆಯಿಡುತ್ತಾನೆ, ಬೆಳಗಾಗುತ್ತಲೇ ಪ್ರಾರ್ಥಿಸುತ್ತಾನೆ, ದೇವರು ತನಗೇಕೆ ಮುಖ ಮರೆಮಾಡಿದ್ದಾನೆಂದು ನೇರವಾಗಿ ಕೇಳುತ್ತಾನೆ, ಗೆಳೆಯರನ್ನೂ ನೆರೆಯವರನ್ನೂ ದೂರಮಾಡಿದವನು ನೀನೇ ಎಂದು ದೂರುತ್ತಾನೆ. 18ನೆಯ ವಚನದಲ್ಲಿ ಕತ್ತಲೆಯ ಮಾತಿನೊಂದಿಗೆ ಹಾಡು ನಿಂತುಹೋಗುತ್ತದೆ. ಸಮಾಧಾನದ ಒಂದು ಸಾಲನ್ನು ಕೊನೆಗೆ ಸೇರಿಸಿಬಿಡೋಣ ಎಂದು ಯಾವ ಲಿಪಿಕಾರನಿಗೂ ಅನ್ನಿಸಲಿಲ್ಲವೇ ಎಂದು ನಾನು ಆಶ್ಚರ್ಯಪಟ್ಟಿದ್ದೇನೆ. ಸೇರಿಸಲಿಲ್ಲ, ದೇವಾಲಯದ ಹಾಡುಗಾರರು ಅದನ್ನು ಇದ್ದ ಹಾಗೆಯೇ ಕಲಿತರು, ಹಾಡಿದರು, ಮುಂದಿನ ಪೀಳಿಗೆಗೆ ಒಪ್ಪಿಸಿದರು. ಇಡೀ ಹಾಡಿನಲ್ಲಿ ನಂಬಿಕೆಯ ಗುರುತು ಹುಡುಕಿದರೆ ಸಿಗುವುದು ಮೊದಲನೆಯ ವಚನ, ಅಲ್ಲಿ ಅವನು ದೇವರನ್ನು ನನ್ನ ರಕ್ಷಕನಾದ ದೇವರೇ ಎಂದು ಕರೆಯುತ್ತಾನೆ. ಅದಾದ ಮೇಲೆ ಹೇಳುವುದೆಲ್ಲ ದೂರು. ಆದರೆ ಒಂದು ಸಾಲನ್ನೂ ಅವನು ದೇವರಿಗೆ ಬೆನ್ನು ಮಾಡಿ ಹೇಳುವುದಿಲ್ಲ.

ಭಯದ ವಿಷಯದಲ್ಲೂ ನಾವು ಗ್ರಂಥಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. ಭಯಪಡಬೇಡ ಎಂಬ ಮಾತು ಬೈಬಲಿನಲ್ಲಿ ದಿನಕ್ಕೊಂದರಂತೆ 365 ಸಲ ಬರುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತಿ ಬರುತ್ತದೆ. ಎಣಿಸಲು ಕೂತರೆ ಅಷ್ಟು ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಮಾತನ್ನು ಯಾರಿಗೆ ಹೇಳಲಾಗಿದೆ ಎಂಬುದು. ಆಗಲೇ ನಡುಗುತ್ತಿದ್ದ ಜಕರೀಯನಿಗೆ, ಕಳವಳಗೊಂಡಿದ್ದ ಮರಿಯಳಿಗೆ, ಬಯಲಿನಲ್ಲಿ ಬೆಚ್ಚಿಬಿದ್ದ ಕುರುಬರಿಗೆ. ಅಲ್ಲಿ ಅದು ಹತ್ತಿರ ಬಂದು ಹೇಳುವ ಸಮಾಧಾನ. ನಮ್ಮ ಬಾಯಲ್ಲಿ ಅದು ಹೆದರಿದವರ ನಂಬಿಕೆಯನ್ನು ತೂಗಿ ನೋಡುವ ಆಜ್ಞೆಯಾಗಿಬಿಟ್ಟಿದೆ. 56ನೆಯ ಕೀರ್ತನೆಯನ್ನು ನೋಡಿದರೆ, 3ನೆಯ ವಚನದಲ್ಲಿ ದಾವೀದನು ಹೆದರಿಕೆಯಾದಾಗ ನಿನ್ನನ್ನು ಆಶ್ರಯಿಸುತ್ತೇನೆ ಎನ್ನುತ್ತಾನೆ, 4ನೆಯದರಲ್ಲಿ ಹೆದರುವುದಿಲ್ಲ ಎನ್ನುತ್ತಾನೆ. ಫಿಲಿಷ್ಟಿಯರ ಗತ್ ಊರಿನಲ್ಲಿ ಶತ್ರುಗಳ ಕೈಗೆ ಸಿಕ್ಕವನ ಪ್ರಾರ್ಥನೆ ಇದು ಎಂದು ಮೇಲ್ಬರಹ ಹೇಳುತ್ತದೆ. ಈ ಎರಡು ವಚನಗಳ ನಡುವಿನ ಅಂತರವನ್ನು ಅವನು ಒಂದು ರಾತ್ರಿಯಲ್ಲಿ ದಾಟಿದನೋ, ದಾಟಿ ಮತ್ತೆ ಹಿಂದಿರುಗಿದನೋ ಬಲ್ಲವರಾರು! ನನ್ನ ಅನುಭವದಲ್ಲಿ ಜನ ದಿನಕ್ಕೆ ಹಲವು ಸಲ ಮೂರರಿಂದ ನಾಲ್ಕಕ್ಕೂ ನಾಲ್ಕರಿಂದ ಮೂರಕ್ಕೂ ಓಡಾಡುತ್ತಿರುತ್ತಾರೆ.

ಸಂಶಯದ ಮಾತು ಬಂದಾಗಲೆಲ್ಲ ನಮ್ಮ ಪ್ರಸಂಗಗಳು, ಯೇಸು ಮತ್ತೆ ಎದ್ದದ್ದನ್ನು ಕಣ್ಣಾರೆ ಕಾಣದೆ ನಂಬೆನೆಂದ ಶಿಷ್ಯ ತೋಮನನ್ನು ಎಳೆದು ತರುತ್ತವೆ. ನನಗೆ ಹೆಚ್ಚು ಹತ್ತಿರವಾದವನು ಸ್ನಾನಿಕನಾದ ಯೋಹಾನ. ಯೊರ್ದನ್ ಹೊಳೆಯ ದಡದಲ್ಲಿ ನಿಂತು, ಇಗೋ ದೇವರ ಕುರಿಮರಿ ಎಂದು ಯೇಸುವನ್ನು ಬೆರಳಿಟ್ಟು ತೋರಿಸಿದವನು ಅವನೇ. ಅದೇ ಮನುಷ್ಯ ಹೆರೋದನ ಸೆರೆಮನೆಯಲ್ಲಿ ಬಿದ್ದಾಗ, ಬರಬೇಕಾದವನು ನೀನೋ, ನಾವು ಬೇರೊಬ್ಬನ ದಾರಿ ನೋಡಬೇಕೋ ಎಂದು ಕೇಳಿಬರಲು ತನ್ನ ಶಿಷ್ಯರನ್ನು ಕಳಿಸಿದನು. ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ಕೊಟ್ಟ ಉತ್ತರವನ್ನು ನಿಧಾನವಾಗಿ ಓದಬೇಕು. ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಕುಷ್ಠರೋಗಿಗಳು ಶುದ್ಧರಾಗುತ್ತಿದ್ದಾರೆ, ಕಿವುಡರು ಕೇಳುತ್ತಿದ್ದಾರೆ, ಸತ್ತವರು ಎದ್ದಿದ್ದಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತಿದೆ. ಈ ಮಾತುಗಳ ಹಿಂದೆ ಯೆಶಾಯನ ಪ್ರವಾದನೆಯಿದೆ, ಮತ್ತು ಆ ಪ್ರವಾದನೆಯ 61ನೆಯ ಅಧ್ಯಾಯ ಸೆರೆಯಲ್ಲಿರುವವರ ಬಿಡುಗಡೆಯನ್ನೂ ಹೇಳುತ್ತದೆ. ನಜರೇತಿನ ಸಭಾಮಂದಿರದಲ್ಲಿ ಯೇಸು ಅದನ್ನು ಗಟ್ಟಿಯಾಗಿ ಓದಿದ್ದನು. ಸೆರೆಯಲ್ಲಿ ಕೂತ ಯೋಹಾನನಿಗೆ ಹೇಳಿಕಳಿಸುವಾಗ ಆ ಒಂದು ಸಾಲು ಇಲ್ಲ. ಗ್ರಂಥವನ್ನು ಬಾಯಿಪಾಠವಾಗಿ ಬಲ್ಲ ಯೋಹಾನನಿಗೆ ಅದು ಕೇಳಿಸದೆ ಹೋಗಿರಲಾರದು. ಬಾಗಿಲು ತೆರೆಯಲಿಲ್ಲ, ಒಂದು ಹುಟ್ಟುಹಬ್ಬದ ಔತಣದ ನಡುವೆ ಅವನ ತಲೆ ತಟ್ಟೆಯಲ್ಲಿ ಬಂತು. ಆದರೆ ಅವನ ಶಿಷ್ಯರು ಪ್ರಶ್ನೆ ಕೇಳಿ ಹಿಂದಿರುಗುತ್ತಿದ್ದಾಗಲೇ ಯೇಸು ಜನರ ಕಡೆಗೆ ತಿರುಗಿ, ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಯೋಹಾನನಿಗಿಂತ ದೊಡ್ಡವನು ಎದ್ದಿಲ್ಲ ಎಂದನು. ಸಂಶಯಪಟ್ಟವನ ಬಗ್ಗೆ, ಸಂಶಯಪಟ್ಟ ದಿನವೇ ಆಡಿದ ಮಾತು ಅದು.

ನಾವು ಭಾನುವಾರ ಶಾಲೆಯಲ್ಲಿ ಕೇಳಿದ ಮಿಷನರಿಗಳ ಕಥೆಗಳೂ ಸಾಕ್ಷಿಯ ಹೊತ್ತಿನ ಅಚ್ಚಿನಲ್ಲೇ ಎರಕ ಹೊಯ್ದವು. ಬರ್ಮಾದ ಅಡೋನಿರಾಮ್ ಜಡ್ಸನ್‌ನ ಕಥೆಯನ್ನು ಅಲ್ಲಿ ಕೇಳದವರು ಕಡಿಮೆ. 1812ರಲ್ಲಿ ಅಮೆರಿಕದಿಂದ ಕಲ್ಕತ್ತೆಗೆ ಬಂದಿಳಿದ ಅವನನ್ನೂ ಹೆಂಡತಿ ಆ್ಯನ್‌ಳನ್ನೂ ಈಸ್ಟ್ ಇಂಡಿಯಾ ಕಂಪನಿ ನಿಲ್ಲಗೊಡಲಿಲ್ಲ. ಮುಂದಿನ ವರ್ಷ ಅವರು ರಂಗೂನ್ ತಲುಪಿದರು. ಮೊದಲನೆಯ ಬರ್ಮೀ ವಿಶ್ವಾಸಿಗೆ ದೀಕ್ಷಾಸ್ನಾನ ಕೊಡಲು 1819ರವರೆಗೆ ಕಾಯಬೇಕಾಯಿತು. 1824ರಲ್ಲಿ ಬ್ರಿಟಿಷರಿಗೂ ಬರ್ಮಾದ ಅರಸನಿಗೂ ಯುದ್ಧ ಹತ್ತಿದಾಗ, ರಾಜಧಾನಿ ಆವಾದಲ್ಲಿದ್ದ ಜಡ್ಸನ್‌ನನ್ನು ಗೂಢಚಾರನೆಂದು ಹಿಡಿದು ಬೇಡಿ ತೊಡಿಸಿ ಸೆರೆಗೆ ಹಾಕಿದರು. ರಾತ್ರಿ ಹೊತ್ತು ಕೈದಿಗಳ ಕಾಲುಗಳನ್ನು ಬಿದಿರಿನ ಗಳಕ್ಕೆ ಕಟ್ಟಿ ಮೇಲಕ್ಕೆತ್ತುತ್ತಿದ್ದರು. ಬರ್ಮೀ ಹೊಸ ಒಡಂಬಡಿಕೆಯ ಹಸ್ತಪ್ರತಿಯನ್ನು ಆ್ಯನ್ ಮೊದಲು ನೆಲದಲ್ಲಿ ಹೂತಿಟ್ಟಳು, ತೇವಕ್ಕೆ ಹಾಳಾದೀತೆಂದು ಆಮೇಲೆ ಒಂದು ಒರಟು ದಿಂಬಿನೊಳಗೆ ಹೊಲಿದು ಸೆರೆಮನೆಗೆ ಕೊಟ್ಟಳು. ಆ ದಿಂಬು ಉಳಿಯಿತು, ಹಸ್ತಪ್ರತಿ ಉಳಿಯಿತು, ಜಡ್ಸನ್ ಬಿಡುಗಡೆಯಾದನು. ಭಾನುವಾರ ಶಾಲೆಯ ಕಥೆ ಇಲ್ಲಿ ನಿಂತು, ಮಕ್ಕಳ ಕೈಗೆ ಬಣ್ಣ ಹಚ್ಚಲು ದಿಂಬಿನ ಚಿತ್ರ ಬರುತ್ತದೆ.

ಅದರ ಮುಂದಿನ ನಾಲ್ಕು ವರ್ಷಗಳನ್ನು ನಾನು ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ. 1826ರ ಅಕ್ಟೋಬರ್ 24ರಂದು ಅಮ್ಹರ್ಸ್ಟ್ ಎಂಬ ಹೊಸ ಊರಿನಲ್ಲಿ ಆ್ಯನ್ ಜ್ವರದಿಂದ ತೀರಿಕೊಂಡಳು. 36 ವರ್ಷ ವಯಸ್ಸು. ಜಡ್ಸನ್ ಆಗ ಬ್ರಿಟಿಷ್ ರಾಯಭಾರಿಯ ಜೊತೆ ದೂರದ ಆವಾದಲ್ಲಿದ್ದನು. ಸೆರೆಮನೆಯ ದಿನಗಳಲ್ಲಿ ಹುಟ್ಟಿದ್ದ ಮಗಳು ಮರಿಯಾ ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅದಕ್ಕೂ ಮೊದಲೇ ಒಂದು ಮಗು ಸಮುದ್ರದ ಮೇಲೆಯೂ ಇನ್ನೊಂದು ರಂಗೂನಿನಲ್ಲಿಯೂ ಹೋಗಿದ್ದವು. ಬೇಡಿಗಳನ್ನು ತಡೆದುಕೊಂಡಿದ್ದ ಮನುಷ್ಯ ಈಗ ಒಳಗಿನಿಂದ ಕುಸಿದನು. ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿ ಬೇಡವೆಂದು ಬರೆದು ತಿಳಿಸಿದನು, ಹಳೆಯ ಪತ್ರಗಳನ್ನು ನಾಶಮಾಡಿಸಿದನು, ಮೌಲ್ಮೇನ್ ಊರಾಚೆಯ ಕಾಡಿನಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಒಂಟಿಯಾಗಿ ಇರತೊಡಗಿದನು. ಒಂದು ಸಮಾಧಿಯ ಗುಂಡಿ ತೋಡಿ ಅದರ ಅಂಚಿನಲ್ಲಿ ಕೂತು, ದೇಹ ಕೊಳೆಯುವುದನ್ನು ಧ್ಯಾನಿಸುತ್ತಿದ್ದನು. ಆ್ಯನ್ ಸತ್ತು ಮೂರು ವರ್ಷ ತುಂಬಿದ ದಿನ ಬರೆದ ಪತ್ರದಲ್ಲಿ ಅವನ ಮಾತುಗಳ ತಾತ್ಪರ್ಯ ಇಷ್ಟು: ದೇವರು ನನಗೆ ಮಹಾ ಅಜ್ಞಾತನಾಗಿದ್ದಾನೆ, ಅವನನ್ನು ನಂಬುತ್ತೇನೆ, ಆದರೆ ಅವನು ನನಗೆ ಸಿಗುತ್ತಿಲ್ಲ.

ಈ ಮಾತನ್ನು ನಾನು ಮೊದಲ ಸಲ ಓದಿದಾಗ ನನಗಾದದ್ದು ಆಘಾತಕ್ಕಿಂತ ಹೆಚ್ಚಾಗಿ ನಿರಾಳ. ನಂಬುವುದೂ ಸಿಗದಿರುವುದೂ ಒಬ್ಬನೇ ಮನುಷ್ಯನಲ್ಲಿ, ಒಂದೇ ವಾಕ್ಯದಲ್ಲಿ ಇರಬಹುದೆಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಗಳು ಹಗುರವಾಗುತ್ತಿದ್ದವು. ಮನೆಯವರೊಬ್ಬರ ಕಾಯಿಲೆ ದೀರ್ಘವಾಗಿ ಎಳೆದ ಕಾಲವೊಂದಿತ್ತು. ವರದಿ ಬರುವ ದಿನಗಳ ಹಿಂದಿನ ರಾತ್ರಿ ನನ್ನ ಪ್ರಾರ್ಥನೆಯಲ್ಲಿ ಮಾತುಗಳೇ ಇರುತ್ತಿರಲಿಲ್ಲ, ಇದ್ದರೂ ಅವು ಚಾವಣಿಗೆ ತಾಗಿ ಕೆಳಗೆ ಬೀಳುವಂತೆ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತಿದ್ದದ್ದು, ಹೀಗೆ ಅನ್ನಿಸುವವನಿಗೆ ನಂಬಿಕೆಯೇ ಇಲ್ಲವೇನೋ ಎಂಬ ಎರಡನೆಯ ಭಯ. ಮೊದಲನೆಯದನ್ನು ಜೀವನ ತಂದುಕೊಡುತ್ತದೆ. ಈ ಎರಡನೆಯದನ್ನು ಬಹುಮಟ್ಟಿಗೆ ನಮ್ಮ ಸಭೆಗಳೇ ತಯಾರಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಜಡ್ಸನ್‌ನಿಗೆ ಬೆಳಕು ಹೇಗೆ ಮರಳಿತು ಎಂದು ಹುಡುಕಿದರೆ, ತೋರಿಸಲು ಒಂದು ದಿನ, ಒಂದು ದರ್ಶನ, ಒಂದು ಸ್ವರ ಸಿಗುವುದಿಲ್ಲ. ಅವನು ಕಾಡಿನಿಂದ ನಿಧಾನವಾಗಿ ಹೊರಬಂದನು, 1830ರಲ್ಲಿ ನದಿಯ ದಾರಿಯಲ್ಲಿ ಪ್ರೋಮ್ ಊರಿಗೆ ಹೋಗಿ ಬೋಧಿಸಿದನು, ಕರೆನ್ ಜನರ ಹಳ್ಳಿಗಳನ್ನು ಸುತ್ತಿದನು, ಮತ್ತು ಇಬ್ರಿಯ ಭಾಷೆಯ ಹಳೆಯ ಒಡಂಬಡಿಕೆಯನ್ನು ಎದುರಿಟ್ಟುಕೊಂಡು ಬರ್ಮೀ ಭಾಷೆಯಲ್ಲಿ ಪುಟದ ನಂತರ ಪುಟ ಬರೆದನು. 1834ರ ಜನವರಿ 31ರಂದು ಇಡೀ ಬೈಬಲಿನ ಅನುವಾದ ಮುಗಿಯಿತು. ಅದರ ಪರಿಷ್ಕೃತ ರೂಪ ಇಂದಿಗೂ ಬರ್ಮಾದ ಸಭೆಗಳಲ್ಲಿ ಬಳಕೆಯಲ್ಲಿದೆ. ಹೇಮಾನನ ಕೀರ್ತನೆಗೂ ಯೋಬನ ದೂರುಗಳಿಗೂ ಯೆರೆಮೀಯನ ಪ್ರಲಾಪಗಳಿಗೂ ಬರ್ಮೀ ಮಾತುಗಳನ್ನು ಹುಡುಕಿದವನು ಆ ಗುಂಡಿಯ ಅಂಚಿನಲ್ಲಿ ಕೂತಿದ್ದ ಮನುಷ್ಯನೇ ಎಂಬುದನ್ನು ನೆನೆದಾಗ ನನಗೆ ಮಿಕ್ಕ ಯಾವ ಪವಾಡವೂ ಬೇಕೆನಿಸುವುದಿಲ್ಲ.

ಹಾಗೆಂದು ಆ ಗುಡಿಸಲನ್ನು ಪೂಜಿಸುವ ಮನಸ್ಸು ನನಗಿಲ್ಲ. ಅಲ್ಲಿ ನಡೆದದ್ದರಲ್ಲಿ ಒಂದು ಪಾಲು ನಾವು ಇಂದು ಖಿನ್ನತೆ ಎಂದು ಗುರುತಿಸುವ ಕಾಯಿಲೆಯೇ ಆಗಿರಬಹುದು, ಮತ್ತು ಇಂಥ ಕಾಯಿಲೆಗೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಮನೋವೈದ್ಯರ ಬಳಿ ಹೋಗುವುದು ನಂಬಿಕೆ ಕಡಿಮೆಯಾದುದರ ಲಕ್ಷಣ ಎಂದು ಇನ್ನೂ ಪಿಸುಗುಟ್ಟುವವರು 1 ಅರಸುಗಳು 19ನೆಯ ಅಧ್ಯಾಯವನ್ನು ಓದಬೇಕು. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡವೊಂದರ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡನು. ದೇವದೂತನು ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಅವನು ಮತ್ತೆ ಮಲಗಿದನು. ಎರಡನೆಯ ಸಲ ತಟ್ಟಿ ಎಬ್ಬಿಸಿ ಮತ್ತೆ ಊಟ. ನೀನು ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬರುವುದು ನಿದ್ದೆಯೂ ಅನ್ನವೂ ಆಗಿ, ನಾಲ್ವತ್ತು ದಿನಗಳ ದಾರಿ ನಡೆದು ಹೋರೇಬಿನ ಗವಿ ಸೇರಿದ ಮೇಲೆ.

ಸಂಶಯದ ಇನ್ನೊಂದು ಬಗೆಯಿದೆ, ಅದು ದುಃಖದಿಂದಲ್ಲದೆ ಬುದ್ಧಿಯಿಂದ ಹುಟ್ಟುವಂಥದ್ದು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರಿಗೆ ಎರಡು ಬಗೆಯೂ ಗೊತ್ತಿತ್ತು. ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೆ ಒಬ್ಬರು ಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ. ಇಂಗ್ಲೆಂಡಿಗೆ ಹೋದ ರಮಾಬಾಯಿ 1883ರಲ್ಲಿ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು, ಆದರೆ ಪ್ರಶ್ನೆಗಳನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಬರಲಿಲ್ಲ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎಂಬ ತ್ರಿತ್ವದ ಬಗ್ಗೆ, ಕ್ರಿಸ್ತನ ದೈವತ್ವದ ಬಗ್ಗೆ, ಸಭೆಯ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣಗಳ ಬಗ್ಗೆ ತನಗೆ ಆಶ್ರಯ ಕೊಟ್ಟ ಸನ್ಯಾಸಿನಿಯರೊಂದಿಗೇ ಪತ್ರಗಳಲ್ಲಿ ವಾದಿಸಿದರು. ಅವರ ಹೊಣೆ ಹೊತ್ತಿದ್ದ ಸಿಸ್ಟರ್ ಜೆರಾಲ್ಡೀನ್‌ಗೆ ಇದು ಗರ್ವವೆಂದು ತೋರಿತು. 1885ರ ಮೇ ತಿಂಗಳಿನಲ್ಲಿ ರಮಾಬಾಯಿ ಅವರಿಗೆ ಬರೆದ ಪತ್ರದ ಸಾರ, ತನಗೂ ದೇವರು ಕೊಟ್ಟ ಮನಸ್ಸಾಕ್ಷಿಯಿದೆ, ಬುದ್ಧಿಯಿದೆ. ಸ್ವದೇಶದ ಪುರೋಹಿತರ ನೊಗದಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದವಳು ಅಂಥದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬುದು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಮಾತ್ರ ಗದರಿಸದೆ, ಪ್ರಶ್ನೆಗೆ ಪ್ರಶ್ನೆಯ ಮರ್ಯಾದೆ ಕೊಟ್ಟು ಉತ್ತರಿಸುತ್ತಿದ್ದರು. ಒಬ್ಬ ಶಿಕ್ಷಕಿಯ ತಾಳ್ಮೆ ಒಂದು ಮಠದ ಕಾಳಜಿಗಿಂತ ಹೆಚ್ಚು ಕೆಲಸ ಮಾಡಿತು ಎಂದು ಆ ಪತ್ರವ್ಯವಹಾರದ ಬಗ್ಗೆ ಓದಿದಾಗ ನನಗೆ ಅನ್ನಿಸಿದ್ದಿದೆ.

ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ನಂತರ, ತಾನು ಅಲ್ಲಿಯವರೆಗೆ ಕಂಡುಕೊಂಡದ್ದು ಕ್ರೈಸ್ತ ಧರ್ಮವನ್ನು, ಕ್ರಿಸ್ತನನ್ನಲ್ಲ ಎಂದು ರಮಾಬಾಯಿ ಅರಿತರು. ಅವರೇ ತಮ್ಮ ಸಾಕ್ಷಿಯಲ್ಲಿ ಹಾಗೆ ಬರೆದಿದ್ದಾರೆ. ನಡುವಿನ ಆ ಎಂಟು ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. ಅಮೆರಿಕ ಸುತ್ತಿ, ಹಣ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದದ್ದು ಅದೇ ಅವಧಿಯಲ್ಲಿ. ಮುಂದೆ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಆಶ್ರಮ ಬೆಳೆಯಿತು, 1912ರಲ್ಲಿ ನಮ್ಮ ಕಲಬುರಗಿಯಲ್ಲಿ ಶಾಲೆ ತೆರೆಯಿತು, ಅದರ ಹೊಣೆ ಮಗಳು ಮನೋರಮಾಳ ಹೆಗಲಿಗೆ ಬಂತು. 1921ರಲ್ಲಿ ಆ ಮಗಳೂ ತಾಯಿಗಿಂತ ಮೊದಲೇ ಹೋದಳು. ಒಂಬತ್ತು ತಿಂಗಳೊಳಗೆ ರಮಾಬಾಯಿಯೂ ತೀರಿಕೊಂಡಾಗ, ಮೂಲ ಭಾಷೆಗಳಿಂದ ಮರಾಠಿಗೆ ತಾವು ಮಾಡುತ್ತಿದ್ದ ಬೈಬಲ್ ಅನುವಾದವನ್ನು ಮುಗಿಸಿದ್ದರು. ಜಡ್ಸನ್‌ನಂತೆ ಇವರೂ ಅನುವಾದಕರೇ ಆಗಿದ್ದು ಕಾಕತಾಳೀಯವಿರಬಹುದು. ಮನಸ್ಸು ಒಪ್ಪದ ದಿನವೂ ಕೈಗೆ ಮಾಡಲು ಕೆಲಸವಿರುವುದು ದೊಡ್ಡ ಕೃಪೆ ಎಂದು ಮಾತ್ರ ನನಗೆ ಕಾಣುತ್ತದೆ.

ಎಲ್ಲ ಸಂಶಯವೂ ಹೀಗೆ ದಡ ಸೇರುತ್ತದೆ ಎಂದು ನಾನು ಹೇಳಲಾರೆ. ನನ್ನ ಜೊತೆ ಯುವಜನ ಕೂಟದಲ್ಲಿ ಹಾಡುತ್ತಿದ್ದವರಲ್ಲಿ ಕೆಲವರು ಇಂದು ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ; ಅವರ ಪ್ರಶ್ನೆಗಳು ನನ್ನವಕ್ಕಿಂತ ಸುಳ್ಳಾಗಿರಲಿಲ್ಲ. ಕೇಳಿದ ಮೊದಲ ದಿನವೇ ಅವರನ್ನು ಬಂಡುಕೋರರೆಂದು ಕರೆಯದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಶಿಲುಬೆಯ ಏಳು ಮಾತುಗಳನ್ನು ಏಳು ಜನ ಹಂಚಿಕೊಂಡು ಪ್ರಸಂಗಿಸುವ ರೂಢಿ ನಮ್ಮಲ್ಲಿದೆ. ನಾಲ್ಕನೆಯ ಮಾತು, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ ಎಂಬುದು, ಸಿಕ್ಕವರು ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಪುನರುತ್ಥಾನದ ಭಾನುವಾರಕ್ಕೆ ದಾಟಿಬಿಡುತ್ತಾರೆ. ಯೇಸು ಮಾತ್ರ ಆ ಪ್ರಶ್ನೆಯನ್ನು 22ನೆಯ ಕೀರ್ತನೆಯಿಂದ ಎತ್ತಿಕೊಂಡು ಗಟ್ಟಿಯಾಗಿ ಕೂಗಿದನು, ಮತ್ತು ಆಕಾಶದಿಂದ ಆಗ ಯಾವ ಉತ್ತರವೂ ಬಂದಂತೆ ಸುವಾರ್ತೆಗಳಲ್ಲಿ ಬರೆದಿಲ್ಲ.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಒಂದು ಮನೆಯ ಚಾವಣಿ ಕಿತ್ತು ಪಾರ್ಶ್ವವಾಯು ರೋಗಿಯನ್ನು ಕೆಳಗಿಳಿಸಿದ ನಾಲ್ವರ ಕಥೆಯಿದೆ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದು ಅಲ್ಲಿ ಬರೆದಿದೆ. ಹಾಸಿಗೆಯಲ್ಲಿ ಮಲಗಿದ್ದವನು ಒಬ್ಬನೇ ಏನು ನಂಬಿದ್ದನೆಂದು ಮಾರ್ಕನು ಹೇಳಲು ಹೋಗುವುದಿಲ್ಲ. ಸಭೆ ಎಂಬುದು ಇರುವುದು ಬಹುಶಃ ಇದಕ್ಕಾಗಿಯೇ. ಭಾನುವಾರ ವಿಶ್ವಾಸಪ್ರಮಾಣವನ್ನು ಎಲ್ಲರೂ ಒಟ್ಟಿಗೆ ಹೇಳುವಾಗ ಯಾವುದೋ ಒಂದು ಸಾಲಿನಲ್ಲಿ ನನ್ನ ಬಾಯಿ ನಿಂತರೆ, ಪಕ್ಕದವರ ದನಿ ಆ ಸಾಲನ್ನು ದಾಟಿಸುತ್ತದೆ. ಮುಂದಿನ ವಾರ ನಾನು ಬೇರೆಯವರಿಗೆ ಅದನ್ನೇ ಮಾಡುತ್ತಿರುತ್ತೇನೆ, ನನಗೆ ಗೊತ್ತಿಲ್ಲದೆಯೂ.

ಭಯದಲ್ಲಿರುವ ಕಿರಿಯರು ಯಾರಾದರೂ ಏನು ಓದಲಿ ಎಂದು ಕೇಳಿದರೆ ನಾನು 88ನೆಯ ಕೀರ್ತನೆಯನ್ನು ಮೊದಲೇ ಕೈಗೆ ಕೊಡುವುದಿಲ್ಲ, 13ನೆಯದನ್ನು ಹೇಳುತ್ತೇನೆ. ಆರೇ ವಚನ. ಮೊದಲ ಎರಡು ವಚನಗಳಲ್ಲಿ ಎಲ್ಲಿಯ ವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅವನ್ನು ತಗ್ಗಿದ ದನಿಯಲ್ಲಿ ಓದಬೇಕಾಗಿಲ್ಲ. ಮೂರು ಮತ್ತು ನಾಲ್ಕು ಬೇಡಿಕೆ. ಐದು ಮತ್ತು ಆರನೆಯ ವಚನಗಳಲ್ಲಿ ದಾವೀದನು ದೇವರ ಪ್ರೀತಿಯಲ್ಲಿ ಭರವಸೆಯಿಟ್ಟಿದ್ದೇನೆ, ಹಾಡುತ್ತೇನೆ ಎನ್ನುತ್ತಾನೆ. ಅಷ್ಟು ಹೇಳಲು ಇಂದು ನಿನ್ನ ಬಾಯಿಗೆ ಬಾರದಿದ್ದರೆ ನಾಲ್ಕಕ್ಕೇ ನಿಲ್ಲಿಸು, ಉಳಿದ ಎರಡನ್ನು ನಿನ್ನ ಪರವಾಗಿ ನಾನು ಓದಿಕೊಳ್ಳುತ್ತೇನೆ ಎಂದು ಹೇಳುತ್ತೇನೆ.